ಕೀ ಕಾರಲ್ಲೇ ಉಂಟು

ನಮ್ಮ ಅಂಗಳದ ಬಿಳಿ ಕಾರಿಗೆ ಇಪ್ಪತ್ತು ವರ್ಷ ಯಾರೂ ಬೀಗ ಹಾಕಿದ್ದಿಲ್ಲ. ಬಾಗಿಲು ಸುಮ್ಮನೆ ಎಳೆದುಕೊಂಡಿರುತ್ತಿತ್ತು, ಕೀ ಸ್ಟೀರಿಂಗಿನ ಬದಿಯಲ್ಲಿ ಅದರ ಜಾಗದಲ್ಲೇ ನೇತಾಡುತ್ತಿತ್ತು. ಇದು ಮರೆವಲ್ಲ, ನನ್ನ ಗಂಡ ಮಾಡಿದ ಕಾನೂನು. ಕಾಣಿಯೂರಿನಿಂದ ಒಳಗೆ ಹೋಗುವ ಮಣ್ಣು ರಸ್ತೆಯ ಕೊನೆಯಲ್ಲಿ, ಒಂದೇ ಇಳಿಜಾರಿನಲ್ಲಿ ನಮ್ಮದೂ ಸೇರಿ ಐದು ಮನೆ. ಐದು ಮನೆಗೆ ಕಾರು ಒಂದೇ. ಯಾರಿಗೆ ಜ್ವರ ಏರಿದರೂ, ಯಾರ ಮಗಳಿಗೆ ಹೆರಿಗೆ ನೋವು ಶುರುವಾದರೂ, ಓಡಿಸಲು ಬರುವವರು ಒಬ್ಬರು ಬಂದು ಕಾರು ಹತ್ತಿ ಹೋಗುವುದು. ಕೇಳುವ ಪದ್ಧತಿ ಇರಲಿಲ್ಲ. ಕೇಳಲು ಬಂದವರಿಗೆ ಇವರಿಂದ ಬೈಗುಳ ಸಿಗುತ್ತಿತ್ತು.

"ಕೀ ಕಾರಲ್ಲೇ ಉಂಟು ಮಾರಾಯ್ರೆ. ನನ್ನ ಹತ್ರ ಎಂತ ಕೇಳುದು?"

ಕೊಂಡುಹೋದವರು ಕಾರನ್ನು ತಿರುಗಿ ತಂದು ನಿಲ್ಲಿಸುವಾಗ ಹಿಂದಿನ ಸೀಟಿನಲ್ಲಿ ಏನಾದರೊಂದು ಇಟ್ಟು ಹೋಗುತ್ತಿದ್ದರು. ಒಂದು ಕಟ್ಟು ಬಸಳೆ, ಅರ್ಧ ಹಲಸು, ಪುತ್ತೂರಿನ ಬೇಕರಿಯ ಬನ್ನು. ಸೀಟು ನೋಡಿಯೇ ಕಾರು ಯಾವ ಕಡೆಗೆ ಹೋಗಿತ್ತೆಂದು ನಾನು ಹೇಳುತ್ತಿದ್ದೆ. ಬನ್ನು ಬಂದರೆ ಆಸ್ಪತ್ರೆ, ಏನೋ ಕಷ್ಟ ಕಳೆದಿದೆ ಎಂದು ಅರ್ಥ. ನಾವು ಚಹಾಕ್ಕೆ ಆ ಬನ್ನು ಅದ್ದಿ ತಿನ್ನುವಾಗ ಕೆಳಗಿನ ಮನೆಗಳಿಂದ ಯಾರಾದರೂ ಬಂದು ಸುದ್ದಿ ಹೇಳುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಕಾರು ಹತ್ತಿದವರು ಯಾರೇ ಆಗಲಿ, ಮೊದಲು ಕೈ ಮೇಲೆತ್ತಿ ಒಳಗಿನ ಚಾವಣಿಯ ಸಣ್ಣ ದೀಪ ಹೊತ್ತಿಸುತ್ತಿದ್ದರು. ಸುಡು ಬಿಸಿಲಿನ ಮಧ್ಯಾಹ್ನವೂ ಅಷ್ಟೇ. ದೀಪ ಹೊತ್ತಿಸಿ, ಆಮೇಲೆ ಕೀ ತಿರುಗಿಸುವುದು. ಗೇಟು ದಾಟಿದ ಮೇಲೆ ದೀಪ ಆರಿಸುವುದು. ಒಳ್ಳೆಯ ಕೆಲಸಕ್ಕೆ ಮುಂಚೆ ದೇವರ ಮುಂದೆ ದೀಪ ಇಡುತ್ತಾರಲ್ಲ, ಇದೂ ಅಂಥದ್ದೇ ಎಂದುಕೊಂಡಿದ್ದೆ. ನಾನು ರಾಮಕುಂಜದ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಇಂಥದ್ದನ್ನು ಕಂಡರೆ ನನಗೆ ಮೂಗಿನ ತುದಿಯಲ್ಲಿ ಕೋಪ. ಇವರನ್ನು ಎಷ್ಟು ಗೇಲಿ ಮಾಡಿದ್ದೇನೋ ಲೆಕ್ಕವಿಲ್ಲ. ಇವರು ನಗುವುದೊಂದೇ.

ಇವರ ಕೆಲಸ ಪಂಪು ರಿಪೇರಿ. ಪೆರಾಬೆಯಿಂದ ಸುಳ್ಯದ ಗಡಿಯವರೆಗೆ ಯಾರ ಕೆರೆಯ, ಯಾರ ಬೋರಿನ ಪಂಪು ಕೆಟ್ಟರೂ ಇವರೇ ಹೋಗಬೇಕು. ಹಾಗಾಗಿ ನಮ್ಮ ಕಾರಿನಲ್ಲಿ ಸದಾ ಗ್ರೀಸಿನ ವಾಸನೆ. ಕಾಲಿಡುವ ಜಾಗದಲ್ಲಿ ಪೈಪಿನ ತುಂಡು, ತಾಮ್ರದ ತಂತಿಯ ಸುರುಳಿ, ತಲೆ ಕೆಟ್ಟ ಸ್ಟಾರ್ಟರುಗಳು. ಮದುವೆಗೆ ಹೋಗುವಾಗ ನನ್ನ ರೇಷ್ಮೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಕೂರಬೇಕಿತ್ತು.

ಆ ಗಲೀಜಿನಿಂದಲೇ ಒಮ್ಮೆ ನಮ್ಮ ಮಾನ ಉಳಿಯಿತು. ಸುಳ್ಯದಲ್ಲಿ ನನ್ನ ತವರಿನ ಕಡೆಯ ಮದುವೆ. ಊಟ ಮುಗಿಸಿ, ಬೀಡ ಜಗಿಯುತ್ತಾ, ಇಬ್ಬರೂ ಕಾರು ಹತ್ತಿ ಹೊರಟೆವು. ಮದುವೆಗೆ ಹೋಗುವಾಗ ಮಾತ್ರ ನನ್ನ ಕಾಟ ತಡೆಯಲಾರದೆ ಇವರು ಕೀ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಬೆಳ್ಳಾರೆ ಹತ್ತಿರ ಬಂದಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಸೀರೆ ಎತ್ತಿ ಹಿಡಿದಿರಲಿಲ್ಲ ನಾನು. ಕೆಳಗೆ ನೋಡಿದರೆ ಚೊಕ್ಕ ಮ್ಯಾಟು. ಹಿಂದೆ ತಿರುಗಿದರೆ ಸೀಟಿನ ಮೇಲೆ ಮಗುವಿನ ಹಾಲಿನ ಬಾಟಲಿ.

"ನಮ್ಮ ಕಾರು ಇಷ್ಟು ಚೊಕ್ಕ ಯಾವಾಗ ಆಯ್ತು?" ಅಂದೆ.

ಇವರು ಬ್ರೇಕು ಒತ್ತಿದರು. ಅದೇ ಬಿಳಿ, ಅದೇ ಮಾದರಿ, ಆದರೆ ಯಾರದೋ ಕಾರು. ನಮ್ಮ ಸವೆದ ಕೀ ಅದಕ್ಕೂ ಸಲೀಸಾಗಿ ಹೊಂದಿಕೊಂಡಿತ್ತು. ತಿರುಗಿ ಸುಳ್ಯಕ್ಕೆ ಹೋದಾಗ ಮಂಟಪದ ಎದುರು ಒಬ್ಬ ಯುವಕ, ಅವನ ಹೆಂಡತಿ, ಹಾಲಿಗೆ ಅಳುವ ಮಗು ಮತ್ತು ಅವರ ಸುತ್ತ ಹತ್ತಾರು ಜನ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವರು ಇಳಿದು ಕೈ ಮುಗಿದು, "ಕಳ್ಳ ನಾನೇ, ಬಾಟಲಿ ಮಾತ್ರ ಮುಟ್ಟಲಿಲ್ಲ" ಅಂದರು. ಎಲ್ಲರೂ ನಕ್ಕರು. ಆ ಹುಡುಗಿಯೂ ನಕ್ಕಳು. ನಾನು ನಮ್ಮ ಗ್ರೀಸಿನ ಕಾರಿನೊಳಗೆ ಹೋಗಿ ಮುಖ ಮುಚ್ಚಿಕೊಂಡು ಕುಳಿತೆ.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ನಮ್ಮ ಕೀ ಅವರ ಕಾರಿಗೆ ಆಗುತ್ತದೆ ಎಂದಾದರೆ ಊರಿನ ಯಾವ ಕೀಯಾದರೂ ನಮ್ಮ ಕಾರಿಗೆ ಆದೀತು, ಇನ್ನಾದರೂ ಬುದ್ಧಿ ಕಲಿಯಿರಿ ಎಂದು ಎರಡು ದಿನ ಪಾಠ ಮಾಡಿದೆ. ಇವರ ಉತ್ತರ ಒಂದೇ: "ಯಾವ ಕೀಯೂ ಆಗ್ತದೆ ಅಂತ ಗೊತ್ತಾಯ್ತಲ್ಲ, ಮತ್ತೆ ಕೀ ಮನೆಯೊಳಗೆ ಇಟ್ಟು ಎಂತ ಪ್ರಯೋಜನ?" ಮುಂದಿನ ಆದಿತ್ಯವಾರ ಇಡೀ ದಿನ ಇವರು ಕಾರಿನ ಒಳಗೆ ಕಾಲು ಹೊರಗೆ ಚಾಚಿ ಮಲಗಿದ್ದರು. ತಂತಿಗಳು, ಟೇಪು, ಟೆಸ್ಟರು. ಊಟಕ್ಕೆ ಮೂರು ಸಲ ಕರೆದರೂ ಬರಲಿಲ್ಲ. ಎಂತ ಮಾಡುದು ಎಂದು ಕೇಳಿದರೆ ಹಾರ್ನು ಅಂದರು. ಆ ದೀಪದ ಪದ್ಧತಿ ಶುರುವಾದದ್ದು ಆಮೇಲೆಯೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕಾರ್ಯಕಾರಣ ಕಲಿಸಿದವಳು ನಾನು.

ಕೆಲವು ವರ್ಷ ಕಳೆದು, ನಾನು ಶಾಲೆಗೆ ಹೋಗಿದ್ದಾಗ ಇವರಿಗೆ ಎದೆನೋವು ಬಂತು. ಜಗಲಿಯಲ್ಲಿ ಬಿದ್ದುಕೊಂಡಿದ್ದವರನ್ನು ಕಂಡದ್ದು ಕೆಳಗಿನ ಮನೆಯವರು. ಅವರು ಮೊದಲು ಲಾರಿ ಓಡಿಸುತ್ತಿದ್ದವರು, ಈಗ ಹೆಂಡತಿಯ ಜೊತೆ ನಾಲ್ಕು ದನ ಸಾಕಿಕೊಂಡು ಇದ್ದಾರೆ. ಇವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ್ದೂ, ಕಾರು ಹೊರಟದ್ದೂ ಎರಡು ನಿಮಿಷದ ಒಳಗೆ. ಕೀ ಹುಡುಕಬೇಕಾಗಿರಲಿಲ್ಲ. ಪುತ್ತೂರಿನ ಡಾಕ್ಟರು ಆಮೇಲೆ ನನಗೆ ಹೇಳಿದ್ದು, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು. ಇವರು ಮತ್ತೆ ಆರು ವರ್ಷ ಬದುಕಿದರು. ಆ ಆರು ವರ್ಷವನ್ನು ನನಗೆ ಕೊಟ್ಟದ್ದು ಆ ಕೆಳಗಿನ ಮನೆಯವರು ಎಂದು ನಾನು ಎಲ್ಲರ ಹತ್ತಿರವೂ ಹೇಳುತ್ತಿದ್ದೆ. ಹೇಳುವುದು ಸುಲಭ.

ಆ ಆರು ವರ್ಷದಲ್ಲಿ ನಾನು ಡ್ರೈವಿಂಗ್ ಕಲಿತೆ. ಇವರಿಗೆ ಓಡಿಸಬಾರದೆಂದು ಡಾಕ್ಟರ ಅಪ್ಪಣೆ. ನಿವೃತ್ತಿಗೆ ಎರಡು ವರ್ಷ ಇರುವಾಗ ನಾನು ಸ್ಟೀರಿಂಗ್ ಹಿಡಿದೆ, ಇವರು ಪಕ್ಕದಲ್ಲಿ. ಕ್ಲಚ್ಚು ಬಿಡುವಾಗ ಕಾರು ಹಾರಿದರೆ ಇವರು "ನಿನ್ನ ಸಿಟ್ಟೆಲ್ಲ ಅದರ ಮೇಲೆ ಯಾಕೆ" ಅನ್ನುತ್ತಿದ್ದರು. ಮೊದಲನೆಯ ಪಾಠವೇ ದೀಪ. "ಮೊದಲು ದೀಪ, ಮತ್ತೆ ಕೀ. ಮರೀಬೇಡ."

ನಾನು ಬಿಡುತ್ತೇನೆಯೇ? ಒಂದು ದಿನ ಬೇಕೆಂದೇ ದೀಪ ಹೊತ್ತಿಸದೆ ಕೀ ತಿರುಗಿಸಿದೆ. ಎಂಜಿನ್ನು ತಿರುಗಿತು, ಹಿಡಿಯಲಿಲ್ಲ. ಮತ್ತೊಮ್ಮೆ. ಹಿಡಿಯಲಿಲ್ಲ. ಇವರು ಕೈ ಎತ್ತಿ ದೀಪ ಹೊತ್ತಿಸಿದರು, ಕಾರು ಸ್ಟಾರ್ಟ್ ಆಯಿತು. "ನೋಡಿದಿಯಾ?" ಎಂದು ನಕ್ಕರು. ಅದು ಚಳಿಗಾಲದ ಬೆಳಿಗ್ಗೆ, ಎಂಜಿನ್ನು ತಣ್ಣಗಿತ್ತು, ಮೂರನೆಯ ಸಲಕ್ಕೆ ಹೇಗೂ ಹಿಡಿಯುತ್ತಿತ್ತು ಎಂದು ನಾನು ತೀರ್ಮಾನಿಸಿದೆ. ಪ್ರಯೋಗವನ್ನು ಮತ್ತೆ ಮಾಡಿ ನೋಡಬೇಕು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು, ನಾನು ಮಾತ್ರ ಮತ್ತೆ ಮಾಡಲಿಲ್ಲ. ಆಮೇಲೆ ಯಾಕೋ ಗೇಲಿ ಮಾಡುವ ಮನಸ್ಸೂ ಬರಲಿಲ್ಲ. ಕಾಯಿಲೆಯ ಮನುಷ್ಯ, ಒಂದು ದೀಪದಿಂದ ಸಮಾಧಾನವಾದರೆ ಆಗಲಿ ಎಂದು ಹೊತ್ತಿಸಿಯೇ ಹೊರಡುತ್ತಿದ್ದೆ.

ಇವರು ಹೋದ ಮೇಲೆ ಕಾರಿನ ಗ್ರೀಸಿನ ವಾಸನೆ ಹಾಗೆಯೇ ಉಳಿಯಿತು. ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದವಳು ಈಗ ಸಂಜೆ ಸುಮ್ಮನೆ ಹೋಗಿ ಬಾಗಿಲು ತೆರೆದು ಸ್ವಲ್ಪ ಹೊತ್ತು ಕೂರುತ್ತಿದ್ದೆ. ಇವರ ಬಟ್ಟೆಯನ್ನು ಯಾರಿಗೋ ಕೊಟ್ಟಾಗಿತ್ತು, ಕನ್ನಡಕ ಒಡೆದಿತ್ತು. ಉಳಿದದ್ದು ಆ ಕಾರು.

ಆಗಲೇ ಪೆರಾಬೆಯಲ್ಲಿ ಒಬ್ಬರ ಅಂಗಳದಿಂದ ಇದೇ ಮಾದರಿಯ ಕಾರು ಕಳವಾಯಿತು. ವಾರದ ನಂತರ ಘಟ್ಟದ ಬುಡದಲ್ಲಿ ಅದರ ಬರೀ ಅಸ್ಥಿಪಂಜರ ಸಿಕ್ಕಿತಂತೆ. ನನ್ನ ನಿದ್ದೆ ಹಾರಿತು. ಪುತ್ತೂರಿನಲ್ಲಿ ಕಾರಿನ ವಯರಿಂಗು ಮಾಡುವ ಒಬ್ಬರು, ನನ್ನ ಹಳೆಯ ವಿದ್ಯಾರ್ಥಿ, ಅವರ ಅಂಗಡಿಗೆ ಕಾರು ಕೊಂಡುಹೋದೆ.

"ಹೊಸ ಕಾರು ಕದಿಯುದು ಕಷ್ಟ ಟೀಚರೇ," ಅಂದರು. "ಅದರ ಕೀಯೊಳಗೆ ಚಿಪ್ ಇರ್ತದೆ, ಅದು ಇಲ್ಲದೆ ಎಂಜಿನ್ ಹಿಡಿಯುದಿಲ್ಲ. ಹಳೇದಕ್ಕೆ ಎಂತ ಉಂಟು? ಒಂದು ಸ್ಕ್ರೂಡ್ರೈವರ್ ಸಾಕು. ಮತ್ತೆ ಬಿಡಿಭಾಗಕ್ಕೆ ಭಾರೀ ಬೇಡಿಕೆ."

"ಮತ್ತೆ ಎಂತ ಮಾಡುದು?"

"ಒಂದು ದೊಡ್ಡ ಬೀಗ ನಂಬ್ಲಿಕ್ಕೆ ಹೋಗ್ಬೇಡಿ. ಎರಡು ಮೂರು ಸಣ್ಣ ಸಣ್ಣ ಉಪದ್ರ ಮಾಡಿಡಿ. ಕಳ್ಳನಿಗೆ ಹೊತ್ತು ಹೋಗ್ಬೇಕು, ಅಷ್ಟೇ. ಹೊತ್ತು ಹೋಗ್ತದೆ ಅಂತ ಕಂಡ್ರೆ ಅವ ಬೇರೆ ಮನೆ ನೋಡ್ತಾನೆ."

ಒಂದು ಗುಟ್ಟಿನ ಸ್ವಿಚ್ಚು ಕೂಡಿಸಿಕೊಡಲೇ ಎಂದು ಅವರು ಕೇಳಿದರು. ಎಲ್ಲಕ್ಕಿಂತ ಒಳ್ಳೆಯದು ಅದೇ, ಖರ್ಚೂ ಕಡಿಮೆ, ಎಲ್ಲಿದೆ ಎಂದು ಗೊತ್ತಿಲ್ಲದವನಿಗೆ ಕೀ ಕೈಯಲ್ಲಿದ್ದರೂ ಕಾರು ಕದಲದು ಎಂದರು. ನಾನು ಒಪ್ಪಲಿಲ್ಲ. ಆ ಕಾರಿನ ತಂತಿಗಳನ್ನೆಲ್ಲ ನನ್ನ ಗಂಡ ಕೈಯಾರೆ ಸುತ್ತಿದ್ದು. ಅದಕ್ಕೆ ಬೇರೆಯವರ ಕೈ ಬೀಳುವುದು ನನಗೆ ಬೇಡ. ಹೊರಗಿನಿಂದ ಏನು ಮಾಡಬಹುದೋ ಅಷ್ಟು ಮಾಡಿ ಎಂದೆ.

ಹೊರಗಿನಿಂದ ಮಾಡಬಹುದಾದದ್ದನ್ನೆಲ್ಲ ಮಾಡಿಸಿದೆ. ಸ್ಟೀರಿಂಗಿಗೆ ಅಡ್ಡ ಹಾಕುವ ಹಳದಿ ಕಬ್ಬಿಣದ ರಾಡು ಬಂತು. ಬ್ಯಾಟರಿಯ ಮೇಲೆ ಒಂದು ತಿರುಪು ಬಂತು, ಅದನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡರೆ ಕಾರಿಗೆ ಜೀವವೇ ಇಲ್ಲ. ಕಿಟಕಿಯ ಗಾಜುಗಳಿಗೆಲ್ಲ ನಂಬರು ಕೆತ್ತಿಸಿದೆ, ಗಾಜು ಬದಲಿಸದೆ ಮಾರಲಾಗದಂತೆ. ಸವೆದ ಬೀಗಗಳನ್ನು ಬದಲಿಸಿ ಹೊಸ ಕೀ ಮಾಡಿಸಿದೆ. ಕಾರಿನಲ್ಲೇ ಬಿದ್ದಿರುತ್ತಿದ್ದ ದಾಖಲೆ ಪುಸ್ತಕ ಕಪಾಟಿಗೆ ಹೋಯಿತು. ಮೂತಿಯನ್ನು ಗೋಡೆಗೆ ತಾಗಿಸಿ, ಮುಂದಿನ ಚಕ್ರ ಪೂರ್ತಿ ಓರೆ ಮಾಡಿ, ಗೇರಿನಲ್ಲಿಟ್ಟು ನಿಲ್ಲಿಸಲು ಕಲಿತೆ. ಹಾಗೆ ನಿಲ್ಲಿಸಿದರೆ ದೂಡಿಕೊಂಡೋ ಎಳೆದುಕೊಂಡೋ ಹೋಗುವುದು ಕಷ್ಟ. ಅಂಗಳಕ್ಕೆ ಪ್ರಖರ ಬಲ್ಬು ಹಾಕಿಸಿದೆ. ಕೀ ನನ್ನ ಕೈಚೀಲದಲ್ಲಿ. ಇಷ್ಟನ್ನೂ ಬಿಚ್ಚಿ ಹೊರಡಲು ಕಾಲು ಗಂಟೆ ಬೇಕು. ಕೊನೆಕೊನೆಗೆ ಕಾಲು ಗಂಟೆ ಯಾರಿಗೆ ಬೇಕೆಂದು ನಾನೇ ಬಸ್ಸಿನಲ್ಲಿ ಹೋಗತೊಡಗಿದೆ. ಕಳ್ಳನಿಗೆ ಮಾಡಿಟ್ಟ ಉಪದ್ರಕ್ಕೆ ಮೊದಲು ಸಿಕ್ಕಿಬಿದ್ದವಳು ನಾನು.

ಹಾಗೆ ಬಸ್ಸಿನಲ್ಲಿ ಪುತ್ತೂರಿಗೆ ಹೋದ ಒಂದು ಬೆಳಿಗ್ಗೆ. ಯಾತಕ್ಕೆ ಹೋದದ್ದು? ಚಕ್ರಕ್ಕೆ ಹಾಕುವ ಒಂದು ಇಕ್ಕಳದಂಥ ಬೀಗ ಬಂದಿದೆ ಎಂದು ಅಂಗಡಿಯವರು ಹೇಳಿದ್ದರು, ಅದನ್ನು ತರಲಿಕ್ಕೆ. ಪೇಟೆಯ ಗದ್ದಲದಲ್ಲಿ ಚೀಲದೊಳಗಿನ ಫೋನು ಕೇಳಿಸಲಿಲ್ಲ. ತಿರುಗಿ ಬಸ್ಸಿನಲ್ಲಿ ಕುಳಿತು ನೋಡಿದರೆ ಕೆಳಗಿನ ಮನೆಯವರ ನಾಲ್ಕು ಕರೆ. ನಾನು ಮಾಡಿದರೆ ಎತ್ತುವವರಿಲ್ಲ.

ಮನೆಗೆ ಬಂದಾಗ ಮೇಲಿನ ಮನೆಯಾಕೆ ಸುದ್ದಿ ಹೇಳಿದಳು. ಕೆಳಗಿನ ಮನೆಯ ಅಕ್ಕನಿಗೆ ಹುಲ್ಲು ಕೊಯ್ಯುವಾಗ ಕೈಬೆರಳಿಗೆ ಕನ್ನಡಿ ಹಾವು, ಅದೇ ಕೊಳಕುಮಂಡಲ, ಕಚ್ಚಿದೆ. ಅವರ ಗಂಡ ಓಡಿ ನಮ್ಮ ಅಂಗಳಕ್ಕೆ ಬಂದಿದ್ದಾರೆ. ಗಾಜಿನ ಒಳಗೆ ಹಳದಿ ರಾಡು. ಬಾಗಿಲಿಗೆ ಬೀಗ. ಮನೆಗೂ ಬೀಗ. ಮತ್ತೆ ರಿಕ್ಷಾಕ್ಕೆ ಫೋನು ಮಾಡಿ, ಒಂದು ಶಾಲೆಯ ಬಾಡಿಗೆಯಲ್ಲಿ, ಇನ್ನೊಂದು ಕಡಬದಲ್ಲಿ, ಮೂರನೆಯದು ಬಂದು ಮುಟ್ಟುವಾಗ ಮುಕ್ಕಾಲು ಗಂಟೆ. ನಾನು ಫೋನು ಎತ್ತಿದ್ದರೂ ಪ್ರಯೋಜನವಿರಲಿಲ್ಲ. ಕೀ, ಬ್ಯಾಟರಿಯ ತಿರುಪು, ರಾಡಿನ ಕೀ ಎಲ್ಲವೂ ನನ್ನ ಜೊತೆ ಪುತ್ತೂರಿನಲ್ಲಿದ್ದವು.

ಅಕ್ಕ ಬದುಕಿದರು. ಬಲಗೈಯ ಒಂದು ಬೆರಳನ್ನು ಅರ್ಧಕ್ಕೆ ತೆಗೆಯಬೇಕಾಯಿತು. ಹನ್ನೆರಡು ದಿನದ ಮೇಲೆ ಮನೆಗೆ ಬಂದಾಗ ನೋಡಲು ಹೋದೆ. ನನ್ನ ಗಂಡನಿಗಾಗಿ ಎರಡು ನಿಮಿಷದಲ್ಲಿ ಕಾರು ತೆಗೆದ ಮನುಷ್ಯನ ಹೆಂಡತಿಯನ್ನು ನಾನು ಮುಕ್ಕಾಲು ಗಂಟೆ ನೆಲದ ಮೇಲೆ ಮಲಗಿಸಿದ್ದೆ. ತಪ್ಪಾಯಿತು ಎಂದು ಹೇಳಿ ಅತ್ತುಬಿಟ್ಟೆ.

ಅಕ್ಕ ಎಡಗೈಯಿಂದ ನನ್ನ ಕೈ ಹಿಡಿದರು. "ನೀವು ಹಾವು ಬಿಟ್ಟದ್ದಾ ಟೀಚರೇ? ಕಳ್ಳರ ಕಾಲ, ಹೆದರಿಕೆ ಆಗ್ತದೆ. ನಮಗೆ ಅರ್ಥ ಆಗ್ತದೆ."

ಅವರ ಗಂಡ ಮಾತ್ರ ದೂರ ಕಂಬಕ್ಕೆ ಒರಗಿ ನಿಂತಿದ್ದರು. ಅಲ್ಲಿಂದಲೇ ಹೇಳಿದರು, "ಆದ್ರೆ ಅಷ್ಟು ಬೀಗ ಯಾಕೆ ಬೇಕಿತ್ತು? ಅವರ ಸ್ವಿಚ್ಚು ಉಂಟಲ್ಲ."

"ಯಾವ ಸ್ವಿಚ್ಚು?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. "ದೀಪ, ಟೀಚರೇ. ಅದು ಹೊತ್ತದೆ ಕಾರು ಹಿಡಿಯುದಿಲ್ಲ. ನಿಮಗೆ ಗೊತ್ತಿಲ್ವಾ?"

ಐದು ಮನೆಯವರಿಗೂ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ. ಸುಳ್ಯದ ಆ ಮದುವೆಯ ನಂತರದ ಆದಿತ್ಯವಾರ ಇವರು ಮಾಡಿದ್ದು ಹಾರ್ನು ಅಲ್ಲ. ಎಂಜಿನ್ನಿಗೆ ಕಿಡಿ ಕೊಡುವ ತಂತಿಯನ್ನು ಆ ದೀಪದ ಗುಂಡಿಗೆ ಗಂಟು ಹಾಕಿದ್ದರು. ಪಂಪಿನ ಸ್ಟಾರ್ಟರಿನ ಹಾಗೆ, ಒಮ್ಮೆ ಹಿಡಿದುಕೊಂಡರೆ ಆಮೇಲೆ ದೀಪ ಆರಿಸಿದರೂ ಬಿಡುವುದಿಲ್ಲ. ಕದಿಯಲು ಬಂದವನು ಕಾರಿನೊಳಗೆ ದೀಪ ಹೊತ್ತಿಸಿಯಾನೇ? ಅವನಿಗೆ ಬೇಕಾದ್ದು ಕತ್ತಲೆ. ಇಷ್ಟನ್ನು ಮಾಡಿ, ಕೀ ಕಾರಲ್ಲೇ ಬಿಟ್ಟು, ಮನೆಮನೆಗೆ ಹೋಗಿ ಎಲ್ಲರಿಗೂ ಹೇಳಿ ಬಂದಿದ್ದರು.

"ಟೀಚರಿಗೆ ಮಾತ್ರ ಹೇಳ್ಬೇಡಿ ಅಂದಿದ್ರು," ಅಕ್ಕ ನೋವಿನಲ್ಲೂ ನಕ್ಕರು. "ಅವಳಿಗೆ ಗೊತ್ತಾದ್ರೆ ನಾಳೆ ಒಂಬತ್ತನೇ ಕ್ಲಾಸಿನಲ್ಲಿ ಚಿತ್ರ ಬರೆದು ಪಾಠ ಮಾಡ್ತಾಳೆ, ಕಡಬದವರೆಗೆ ಸುದ್ದಿ ಹೋಗ್ತದೆ ಅಂತ."

ಖಂಡಿತ ಮಾಡುತ್ತಿದ್ದೆ. ಅದು ನನಗೂ ಗೊತ್ತು.

ಮನೆಗೆ ಬಂದು ರಾಡು ಬಿಚ್ಚಿ, ತಿರುಪು ಹಾಕಿ, ಕಾರಿನೊಳಗೆ ಕುಳಿತೆ. ದೀಪವಿಲ್ಲದೆ ಕೀ ತಿರುಗಿಸಿದೆ. ಹಿಡಿಯಲಿಲ್ಲ. ಹತ್ತು ಸಲ ಮಾಡಿದೆ, ಹತ್ತು ಸಲವೂ ಇಲ್ಲ. ಕೈ ಎತ್ತಿ ದೀಪ ಹೊತ್ತಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ಇಪ್ಪತ್ತು ವರ್ಷ ನಾನು ಹುಂಬನೆಂದು ಬೈದ ಮನುಷ್ಯ ಇಷ್ಟು ಯೋಚಿಸಿದ್ದರು. ಕಾರು ಉಳಿಯಬೇಕು, ಆದರೆ ನಮ್ಮವರ ಕೈಗೆ ಸಿಗಬೇಕು. ನಾನು ಕಾರು ಉಳಿಯುವುದನ್ನು ಮಾತ್ರ ನೋಡಿದೆ. ಸ್ಟೀರಿಂಗಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತೆ. ತಿಥಿಯ ದಿನವೂ ಇವರ ನೆನಪು ಅಷ್ಟು ಜೋರಾಗಿ ಬಂದಿರಲಿಲ್ಲ.

ಮರುದಿನದಿಂದ ಕೀ ಕಾರಲ್ಲೇ. ಗಾಜಿನ ನಂಬರು, ಓರೆ ಚಕ್ರ, ಅಂಗಳದ ಬಲ್ಬು ಹಾಗೇ ಉಳಿದವು, ಅವು ನಮ್ಮವರಿಗೆ ಅಡ್ಡಿಯಲ್ಲ. ಹಳದಿ ರಾಡು ಕೋಳಿಗೂಡಿನ ಬಾಗಿಲಿಗೆ ಆನಿಕೆಯಾಯಿತು. ಚಕ್ರದ ಬೀಗವನ್ನು ಪೊಟ್ಟಣ ಬಿಚ್ಚದೆಯೇ ಅಂಗಡಿಗೆ ತಿರುಗಿ ಕೊಟ್ಟೆ. ಉಳಿದ ನಾಲ್ಕು ಮನೆಗೂ ಹೋಗಿ, ಇವರ ಧಾಟಿಯಲ್ಲೇ, ಕೀ ಕಾರಲ್ಲೇ ಉಂಟು ಎಂದು ಹೇಳಿ ಬಂದೆ. ಎಲ್ಲರೂ ಆಯ್ತು ಟೀಚರೇ ಅಂದರು.

ಯಾರೂ ತೆಗೆಯಲಿಲ್ಲ.

ಒಂದು ತಿಂಗಳು, ಎರಡು ತಿಂಗಳು. ಮೇಲಿನ ಮನೆಯ ಮಗುವಿಗೆ ಜ್ವರ ಬಂದಾಗ ಕಾಣಿಯೂರಿನಿಂದ ರಿಕ್ಷಾ ಬಂತು. ಅಕ್ಕನನ್ನು ಬೆರಳು ತೋರಿಸಲು ಕೊಂಡುಹೋಗುವಾಗಲೂ ರಿಕ್ಷಾ. ಯಾರಿಗೂ ನನ್ನ ಮೇಲೆ ಕೋಪವಿರಲಿಲ್ಲ, ಎದುರು ಸಿಕ್ಕರೆ ನಗುತ್ತಿದ್ದರು, ಅದೇ ನನ್ನನ್ನು ಚುಚ್ಚುತ್ತಿತ್ತು. ಹತ್ತಿ ಹೋಗುವ ಹಕ್ಕು ಒಮ್ಮೆ ಇಲ್ಲವೆಂದು ಕಂಡವರು ಮತ್ತೆ ಹೇಗೆ ಹತ್ತಿಯಾರು? ದಿನಾ ಬೆಳಿಗ್ಗೆ ಹೋಗಿ ಹಿಂದಿನ ಸೀಟು ನೋಡುತ್ತಿದ್ದೆ. ಖಾಲಿ. ಕಾರು ನನ್ನ ಅಂಗಳದಲ್ಲೇ ಇತ್ತು, ಆದರೆ ಕಳೆದುಹೋದದ್ದು ಅದೇ ಎಂದು ಅನ್ನಿಸುತ್ತಿತ್ತು.

ಮೊನ್ನೆ ಮಧ್ಯಾಹ್ನ ಊಟ ಮಾಡಿ ಚಾಪೆಯಲ್ಲಿ ಅಡ್ಡಾಗಿದ್ದೆ. ಅಂಗಳದಲ್ಲಿ ಕಾರಿನ ಬಾಗಿಲು ತೆರೆದ ಸದ್ದು. ಎದ್ದು ಕಿಟಕಿಯ ಬಳಿ ಹೋದೆ. ಕೆಳಗಿನ ಮನೆಯವರು ಅಕ್ಕನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಆಚೆಯಿಂದ ಸುತ್ತಿ ಬಂದು ಹತ್ತುತ್ತಿದ್ದರು. ನಮ್ಮ ಮನೆಯ ಕಡೆಗೆ ಅವರು ನೋಡಲೂ ಇಲ್ಲ. ನಾನು ಕಿಟಕಿಯ ಮರೆಯಲ್ಲೇ ನಿಂತೆ. ಹೊರಗೆ ಹೋದರೆ ಕಾರು ಕೊಂಡುಹೋಗಲೇ ಎಂದು ಎಲ್ಲಿ ಕೇಳಿಬಿಡುತ್ತಾರೋ ಎಂಬ ಹೆದರಿಕೆ. ಆಗ ಅಕ್ಕ ತನ್ನ ಬಲಗೈ ಎತ್ತಿ, ಆ ಅರ್ಧ ಬೆರಳಿನ ಕೈಯಲ್ಲೇ ಚಾವಣಿಯನ್ನು ತಡಕಿದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕಾರಿನೊಳಗೆ ದೀಪ ಹೊತ್ತಿತು.

ಅವರು ಗೇಟು ದಾಟುವವರೆಗೆ ಕಾದು, ನಾನು ಚಹಾಕ್ಕೆ ನೀರಿಟ್ಟೆ.